ಪಾಲಿಗೆ ತಂದ ಚಕಲಿ

ಉಗಾರ ಬುದ್ರುಕ
ಮಂಗಳವಾರ, ೧೩ ಮೇ ೨೦೨೫

ನಮ್ಮ ಸನ್ಮತಿಯ ಪಪ್ಪಾ ಅವರಿಗೆ ತ್ರಿಶಲಾಳ ಜಯ ಜಿನೇಂದ್ರ.

ಹೇಗಿದ್ದೀರಿ? ಹೋದ ತಿಂಗಳ ಮಲೇರಿಯಾ ಪೂರ್ತಿ ಬಿಟ್ಟಿತೋ, ಇಲ್ಲ ನಮಗೆ ಚಿಂತೆಯಾದೀತೆಂದು ಬಿಟ್ಟಿದೆ ಎನ್ನುತ್ತಿದ್ದೀರೋ? ವಿಡಿಯೋದಲ್ಲಿ ನಿಮ್ಮ ಗಲ್ಲ ಒಳಗೆ ಹೋದದ್ದು ನನಗೆ ಕಾಣುವುದಿಲ್ಲ ಎಂದುಕೊಳ್ಳಬೇಡಿ. ಯುಗಾಂಡಾದ ಸಕ್ಕರೆ ಕಾರ್ಖಾನೆಯವರು ಕೆಮಿಸ್ಟರಿಗೆ ಬಂಗಲೆ ಕೊಡುತ್ತಾರೆ ಎಂದು ಊರೆಲ್ಲ ಹೇಳಿಕೊಂಡು ಹೋದಿರಿ, ಕೊಟ್ಟದ್ದು ಮೂವರಿಗೆ ಒಂದು ಖೋಲಿ. ಇರಲಿ, ನೀರು ಕಾಯಿಸಿ ಸೋಸಿ ಕುಡಿಯಿರಿ, ಸೊಳ್ಳೆಪರದೆ ಇಲ್ಲದೆ ಮಲಗಬೇಡಿ. ಇಲ್ಲಿ ಅತ್ತೆಯವರ ಮೊಣಕಾಲು ಹಾಗೇ ಇದೆ, ಆದರೂ ಬಸದಿಗೆ ನಡೆದೇ ಹೋಗುತ್ತಾರೆ. ಸನ್ಮತಿ ರಜೆಗೆಂದು ಕಾಗವಾಡದ ನಮ್ಮ ತವರಿಗೆ ಹೋಗಿದ್ದಾಳೆ. ಮುಂದಿನ ಹಲ್ಲು ಬಿದ್ದು ತನ್ನ ಹೆಸರು ತಾನೇ ಹೇಳಲು ಬಾರದೆ ನಗುತ್ತಾಳಂತೆ. ಬಿಸಿಲು ವಿಪರೀತ. ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದೆ, ಮಧ್ಯಾಹ್ನದ ಹೊತ್ತು ಕರೆಂಟೂ ಇರುವುದಿಲ್ಲ.

ನಿನ್ನೆಯಷ್ಟೇ ಫೋನಿನಲ್ಲಿ ಮಾತಾಡಿದವಳು ಇವತ್ತು ಕಾಗದ ಯಾಕೆ ಬರೆಯುತ್ತಿದ್ದಾಳೆ ಎನ್ನುತ್ತೀರಿ. ಫೋನಿನಲ್ಲಿ ನಮ್ಮ ನಾಯಿ ಚಕಲಿಯ ಸುದ್ದಿ ಎತ್ತಿದರೆ ನೀವು ಸ್ಪೀಕರಿಗೆ ಹಾಕಿ ನಗುತ್ತೀರಿ, ಖೋಲಿಯವರೂ ನಗುತ್ತಾರೆ. ಅವರಲ್ಲಿ ನಮಗೆ ಚಕಲಿ ಕೊಟ್ಟ ಸಂಗ್ರಾಮನ ತಮ್ಮನೂ ಒಬ್ಬ. 'ನಾಯಿ ಬಾಣಂತನಾ ಮುಗೀತೇನ್ರಿ ವೈನಿ' ಎಂದು ಅಲ್ಲಿಂದಲೇ ಕೂಗುತ್ತಾನೆ. ಅವನ ಕಿವಿಯ ಮುಂದೆ ಅವನ ಅಣ್ಣನ ವಿಷಯ ಹೇಗೆ ಆಡಲಿ? ಎದುರು ಮನೆಯ ಸುರಜ ರಜೆ ಮುಗಿಸಿ ಗುರುವಾರ ಹೊರಟು ಶನಿವಾರ ನಿಮ್ಮ ಕಾರ್ಖಾನೆಗೆ ಮುಟ್ಟುತ್ತಾನಂತೆ. ಅವನ ಕೈಯಲ್ಲಿ ಶೇಂಗಾ ಹೋಳಿಗೆ, ಅಗಸಿ ಚಟ್ನಿ ಮತ್ತು ಈ ಕಾಗದ ಕಳಿಸುತ್ತಿದ್ದೇನೆ. ಹೋಳಿಗೆ ಆಮೇಲೆ ತಿನ್ನಿ. ಮೊದಲು ಒಬ್ಬರೇ ಕೂತು ಇದನ್ನು ಓದಿ. ಫೋನಿನ ಹಾಗೆ ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ಚಕಲಿ ನಮ್ಮ ಮನೆಗೆ ಬಂದ ಬಗೆ ನಿಮಗೆ ಗೊತ್ತಿದ್ದದ್ದೇ, ಆದರೆ ನೀವು ಮರೆತವರಂತೆ ಮಾತಾಡುತ್ತೀರಿ, ಅದಕ್ಕೇ ಬರೆಯುತ್ತೇನೆ. ಸನ್ಮತಿ ಪಗ್ ನಾಯಿಯೇ ಬೇಕೆಂದು ಹಟ ಹಿಡಿದಾಗ ನಮ್ಮ ಮುಂದೆ ಎರಡು ದಾರಿ ಇದ್ದವು. ಒಂದು, ರಾಯಬಾಗದ ಕಾಂಚನ ಮೇಡಂ. ಸರಕಾರಿ ನೌಕರಿ ಮಾಡಿಕೊಂಡು ಹಿತ್ತಲಲ್ಲಿ ಮಂದಿ ಬಿಟ್ಟ ನಾಯಿಗಳನ್ನು ಸಾಕುವವರು. ಶೋಕಿಗೆ ಪಗ್ ತಂದು, ಅದರ ಗೊರಕೆ, ಉದುರುವ ಕೂದಲು, ಔಷಧಿ ಸಾಕಾಗಿ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೋಗುವವರು ಎಷ್ಟು ಜನರೋ. ಒಕ್ಕಣ್ಣಿನ ಮುದಿ ಪಗ್ ಒಂದಿದೆ, ಬಲು ಸಾಧು, ಒಯ್ಯಿರಿ ಎಂದು ಮೇಡಂ ಹೇಳಿದರು. ನೀವು 'ಮಂದಿ ಬಿಟ್ಟದ್ದ ನಮಗ್ಯಾಕ' ಎಂದಿರಿ. ಇನ್ನೊಂದು ದಾರಿ, ಬೇಡಕಿಹಾಳದ ನಿಮ್ಮ ಸಾಲೆಯ ಗೆಳೆಯ ಸಂಗ್ರಾಮ, ಕೋಳಿ ಶೆಡ್ ಮುಚ್ಚಿ ಅದರಲ್ಲೇ ಜಾತಿ ನಾಯಿಗಳ ಮರಿ ಮಾಡಿಸಿ ಮಾರುವವನು. ಮರಿಯ ರೇಟು ಕೇಳಿ ನಿಮ್ಮ ಮುಖ ಸಣ್ಣದಾಯಿತು. ಆಗ ಇಬ್ಬರೂ ಚಹಾ ಕುಡಿಯುತ್ತ ಒಂದು ಉಪಾಯ ಹುಡುಕಿದಿರಿ. ಎಮ್ಮೆ ಕರುವನ್ನು ಪಾಲಿಗೆ ಕೊಟ್ಟಂತೆ ನಾಯಿಯನ್ನೂ ಪಾಲಿಗೆ ಕೊಡುವುದು. ಮರಿ ಬಿಟ್ಟಿ, ಸಾಕುವುದು ನಾವು. ಮೊದಲ ಎರಡು ಸೂಲಿನ ಮರಿಗಳು ಅವನವು, ಆಮೇಲೆ ನಾಯಿ ನಮ್ಮದು. ಅತ್ತೆಯವರ ಎದುರಿಗೆ ಅವನ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟಿರಿ. ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳ ಎಮ್ಮೆ, ಆಡು ಹೀಗೇ ಬೆಳೆದಿವೆ. ಯಾರೂ ಕಾಗದ ಮಾಡಿಕೊಳ್ಳುವುದಿಲ್ಲ, ಯಾರೂ ತಪ್ಪುವುದೂ ಇಲ್ಲ. ಆದರೆ ಎಮ್ಮೆ ತಾನಾಗಿ ಈಯುತ್ತದೆ, ಪಗ್‌ಗೆ ಹೆರಿಗೆ ಅಷ್ಟು ಸುಲಭವಲ್ಲ. ಸಂಗ್ರಾಮನಿಗೆ ಅದು ಗೊತ್ತಿತ್ತು. ನೀವು ಕೇಳಲಿಲ್ಲ, ಅವನು ಹೇಳಲಿಲ್ಲ.

ನೀವು ಯುಗಾಂಡಾಕ್ಕೆ ಹೊರಟ ವಾರವೇ ಮೊದಲನೇ ಸೂಲು. ಮರಿಗಳ ತಲೆ ದೊಡ್ಡದು, ಇದರ ಸೊಂಟ ಸಣ್ಣದು. ಹೊಟ್ಟೆ ನೋವಿಗೆ ಗೋಡೆಗೆ ತಲೆ ಒತ್ತಿ ನಿಂತುಬಿಟ್ಟಿತ್ತು. ರಿಕ್ಷಾದಲ್ಲಿ ಚಿಕ್ಕೋಡಿಗೆ ಒಯ್ಯುವಷ್ಟರಲ್ಲಿ ನಾಲಿಗೆ ನೇರಳೆ ಹಣ್ಣು ತಿಂದಂತೆ ಆಗಿತ್ತು. ಡಾಕ್ಟರು ಹೊಟ್ಟೆ ಕೊಯ್ದು ಮರಿ ತೆಗೆದರು. ನಾಲ್ಕರಲ್ಲಿ ಎರಡು ಉಳಿದವು. ಅವು ರೊಟ್ಟಿಯ ಚೂರು ನೆಕ್ಕಲು ಕಲಿಯುತ್ತಿದ್ದಂತೆ ಸಂಗ್ರಾಮ ಬಂದು ಬುಟ್ಟಿಯಲ್ಲಿ ಹಾಕಿಕೊಂಡು ಹೋದ, ಅವನ ಪಾಲು ಅವನು ಒಯ್ದ, ತಪ್ಪೇನಿಲ್ಲ. ಚಕಲಿ ಮಾತ್ರ ಮಂಚದ ಕೆಳಗೆ, ಅಕ್ಕಿ ಡಬ್ಬಿಯ ಹಿಂದೆ, ನನ್ನ ಸೀರೆಯ ಗಂಟಿನೊಳಗೆ ಹುಡುಕುತ್ತ ತಿರುಗಿತು. ಅದನ್ನು ತೊಡೆಯ ಮೇಲೆ ಹಾಕಿಕೊಂಡು ನಾನೂ ಅತ್ತುಬಿಟ್ಟೆ. ನಾಯಿಗಾಗಿ ಅಳುವವಳು ಎಂದು ಅಲ್ಲಿ ಯಾರಿಗೂ ಹೇಳಬೇಡಿ.

ಈಗ ಅದು ಮತ್ತೆ ಬೆದೆಗೆ ಬಂದಿದೆ. ಡಾಕ್ಟರು ಎದೆಗೆ ನಳಿಗೆ ಹಚ್ಚಿ ನೋಡಿ ಸ್ಪಷ್ಟ ಹೇಳಿದ್ದಾರೆ, ಇದರ ಶ್ವಾಸನಾಳ ಸಣ್ಣದು, ಹೃದಯವೂ ಸೋತಿದೆ, ಇನ್ನೊಮ್ಮೆ ಬಸಿರಾದರೆ ಟೇಬಲ್ ಮೇಲಿಂದ ಎದ್ದು ಬರುವುದಿಲ್ಲ ಎಂದು. ಬಸಿರಿಲ್ಲದೆಯೇ ಈ ಬಿಸಿಲಿಗೆ ಅದು ಬಚ್ಚಲ ಕಲ್ಲಿನ ಮೇಲೆ ಹೊಟ್ಟೆ ಹಚ್ಚಿ ಬಿದ್ದಿರುತ್ತದೆ, ಒದ್ದೆ ಟವೆಲ್ ಹೊದಿಸಿ ಬೀಸುತ್ತ ಕೂಡುತ್ತೇನೆ. ಸಂಗ್ರಾಮನಿಗೆ ಎಲ್ಲ ಹೇಳಿದೆ. 'ಡಾಕ್ಟರ್ ಮಂದಿ ಹಂಗ ಹೇಳ್ತಾರ ವೈನಿ. ಹೋದ ಸರ್ತಿನೂ ಹೆದರಸಿದ್ರು, ಬದುಕಿತಿಲ್ಲೋ? ಆಪರೇಶನ್ ಖರ್ಚ ನಂದ. ಐತವಾರ ಗಾಡಿ ತರ್ತೀನಿ, ಗಂಡಿನ ಕಡೆ ಒಯ್ಯಾಕ' ಎಂದ. ನನ್ನ ಬಳೆ ಕೊಡುತ್ತೇನೆ, ಬಿಟ್ಟುಬಿಡಪ್ಪಾ ಎಂದೆ. ಅದಕ್ಕೆ ಅವನಿಗೇ ಬೇಜಾರಾಯಿತು. 'ನಿಮ್ಮ ಬಳಿ ತಗೊಂಡ್ರ ನನ್ನ ಮಾರಿ ಏನ ಉಳೀತೈತ್ರಿ? ಪಾಲ ಅಂದ್ರ ಪಾಲ. ಸುಜಯಾ ಬಿಡು ಅನ್ಲಿ, ಈಗ ಬಿಡ್ತೀನಿ' ಎಂದು ನಿಮ್ಮ ಹೆಸರು ಹಿಡಿದು ಹೇಳಿದ. ಅವನು ಕೆಟ್ಟವನಾಗಿದ್ದರೆ ಬೈದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಕೆಟ್ಟವನಲ್ಲ, ಅದೇ ನನಗೆ ಕಷ್ಟ. ನಿಮಗೆ ಹೇಳಿದರೆ 'ಮಾತ ಕೊಟ್ಟೇನಿ, ಇನ್ನೊಂದ ಸಲ ಅಷ್ಟ' ಎಂದು ಫೋನ್ ಇಟ್ಟಿರಿ.

ಅತ್ತೆಯವರ ಪಾಡು ನನಗಿಂತ ಕಡೆ. ಮಾಂಸ ತಿನ್ನುವ ಪ್ರಾಣಿ ಹೊಸ್ತಿಲು ದಾಟಿದರೆ ನಾನು ಬಸದಿಯಲ್ಲೇ ಇರುತ್ತೇನೆ ಎಂದವರು ಅವರೇ ಅಲ್ಲವೇ? ಈಗ ಹೊತ್ತು ಮುಳುಗುವ ಮೊದಲು ಉಣ್ಣಲು ಕೂತರೆ ಮೊದಲ ರೊಟ್ಟಿ ಚೂರು ಚಕಲಿಗೆ. ಅದೂ ದೀಪ ಹಚ್ಚಿದ ಮೇಲೆ ಏನಿಟ್ಟರೂ ಮೂಸುವುದಿಲ್ಲ, ನಿಮಗಿಂತ ವ್ರತಸ್ಥ. ಅತ್ತೆಯವರ ಲೆಕ್ಕದಲ್ಲಿ ಕಳಿಸಿದರೆ ಹಿಂಸೆ, ಇಟ್ಟುಕೊಂಡರೆ ಕಳವು, ಯಾಕೆಂದರೆ ಕೊಡದಿದ್ದನ್ನು ತೆಗೆದುಕೊಂಡಂತೆ. ಎರಡನ್ನೂ ಮಾಡುವುದಿಲ್ಲವೆಂದು ವ್ರತ ಹಿಡಿದವರು ಅವರು. 'ನನ್ನ ಮಗಾ ಕೊಟ್ಟ ಮಾತ ನಾ ಹೆಂಗ ಮುರೀಲಿ? ಈ ಜೀವಾ ಹೆಂಗ ಕಳಸ್ಲಿ?' ಎಂದು ಜಪಮಣಿ ಹಿಡಿದವರು ಮಣಿ ಸರಿಸುವುದನ್ನೇ ಮರೆತು ಕೂಡುತ್ತಾರೆ. ಇದು ಬಗೆಹರಿಯುವವರೆಗೆ ಉಪ್ಪು ಬಿಟ್ಟಿದ್ದಾರೆ. ಈ ವಯಸ್ಸಿಗೆ, ಈ ಬಿಸಿಲಿಗೆ, ತಲೆ ತಿರುಗಿ ಬಿದ್ದರೆ ನಾನೊಬ್ಬಳು ಏನು ಮಾಡಲಿ?

ಕೊನೆಗೆ ಕಾಂಚನ ಮೇಡಂಗೆ ಫೋನ್ ಮಾಡಿದೆ. ಹಿಂದೆ ಅವರ ನಾಯಿಯನ್ನು ಬೇಡವೆಂದವರು ನಾವು, ಆದರೂ ಒಂದು ಕೊಂಕು ಮಾತು ಆಡಲಿಲ್ಲ. 'ತಂದ ಕೊಡ್ರಿ. ಬೆದಿ ಇಳದ ಮ್ಯಾಲ ಬೆಳಗಾಂವಿಗೆ ಒಯ್ದು ಗರ್ಭಚೀಲಾ ತಗಸ್ತೀನಿ. ಆದ್ರ ತಿರಗಿ ಕೊಡೂದಿಲ್ರಿ. ಪಾಲಿನ ಮನಿಗೆ ನಾ ನಾಯಿ ಕೊಟ್ರ ಅವ್ನ ಮತ್ತ ಬರ್ತಾನ' ಎಂದರು. ಸರಿಯಾದ ಮಾತೇ. ಸಂಗ್ರಾಮನಿಗೆ ಕೊಟ್ಟರೆ ಚಕಲಿ ಸಾಯುತ್ತದೆ. ಮೇಡಂಗೆ ಕೊಟ್ಟರೆ ಬದುಕುತ್ತದೆ, ಆದರೆ ನಮ್ಮದಲ್ಲ, ಮೇಲಿಂದ ನಿಮ್ಮ ಮಾತೂ ಹೋಯಿತು. ನೀವು ಹೋದ ಮೇಲೆ ಈ ಮನೆಯಲ್ಲಿ ನಿಮ್ಮಷ್ಟು ಗೊರಕೆ ಹೊಡೆಯುವುದು ಅದೊಂದೇ. ಆ ಸದ್ದಿಲ್ಲದೆ ನಾನು ಹೇಗೆ ಮಲಗಲಿ ಎಂದು ಕೇಳಿದರೆ ನಗುತ್ತೀರಿ. ನಗಿರಿ. ನನಗೆ ಊಟ ಸೇರುತ್ತಿಲ್ಲ, ಅಂಗಳದಲ್ಲಿ ಯಾವ ಗಾಡಿ ನಿಂತರೂ ಚಕಲಿಯನ್ನು ಎತ್ತಿಕೊಂಡು ಒಳಗೆ ಓಡುತ್ತೇನೆ.

ಪಾಲು ಹಿಡಿದವರು ನೀವು, ಬಿಡಿಸಬೇಕಾದವರೂ ನೀವೇ. ಶನಿವಾರ ಈ ಕಾಗದ ಓದಿದ ಕೂಡಲೇ ಅವನ ತಮ್ಮನಿಲ್ಲದ ಜಾಗಕ್ಕೆ ಹೋಗಿ ಸಂಗ್ರಾಮನಿಗೆ ಫೋನ್ ಮಾಡಿ. 'ಬಿಡು' ಎನ್ನಿ, ಅಷ್ಟೇ ಸಾಕು. ಮದುವೆಯಾದಾಗಿನಿಂದ ನಾನು ನಿಮ್ಮ ಹತ್ತಿರ ಹೀಗೆ ಬೇಡಿಕೊಂಡದ್ದಿಲ್ಲ. ಕೈ ಮುಗಿದು ಕೇಳುತ್ತೇನೆ, ಈ ಒಂದು ಜೀವ ಉಳಿಸಿ ಕೊಡಿ.

ಅತ್ತೆಯವರು ಬಸದಿಯಲ್ಲಿ ನಿಮ್ಮ ಹೆಸರು ಹೇಳದೆ ಒಂದು ದಿನವೂ ಬಂದಿಲ್ಲ, ಅವರ ಹರಕೆ ನಿಮ್ಮ ಬೆನ್ನಿಗಿದೆ. ಸನ್ಮತಿಯ ಮುದ್ದು. ಜ್ವರ ಮತ್ತೆ ಬಂದರೆ ಮುಚ್ಚಿಡಬೇಡಿ.

ನಿಮ್ಮ
ತ್ರಿಶಲಾ

ತಾ.ಕ.: ಗುರುವಾರ ಮುಂಜಾನೆ. ಸುರಜ ಬಾಗಿಲಲ್ಲಿ ನಿಂತಿದ್ದಾನೆ, ಅಕ್ಷರ ಹೇಗಿದ್ದರೂ ಓದಿಕೊಳ್ಳಿ. ಸಂಗ್ರಾಮನಿಗೆ 'ಬಿಡು' ಎನ್ನಬೇಡಿ, ಎಲ್ಲ ಬದಲಾಗಿದೆ. ನಿನ್ನೆ ಬಿಸಿಲಿಗೆ ಚಕಲಿ ಎಚ್ಚರ ತಪ್ಪಿ ಬಿತ್ತು. ನೀರು ಹಾಕಿ ಎಬ್ಬಿಸಿದೆವು. ಅದು ಎದ್ದು ಕೂತದ್ದೇ ಅತ್ತೆಯವರು 'ಸೀರಿ ಉಟಗೋ' ಎಂದರು. ಇಬ್ಬರೂ ರಾಯಬಾಗಕ್ಕೆ ಹೋಗಿ ಕಾಂಚನ ಮೇಡಂಗೆ ಒಪ್ಪಿಸಿ ಬಂದೆವು. ಇವತ್ತು ಸಂಗ್ರಾಮ ಐತವಾರದವರೆಗೂ ಕಾಯದೆ ಬಂದುಬಿಟ್ಟ. ಅತ್ತೆಯವರು ಹೊಸ್ತಿಲಲ್ಲಿ ನಿಂತು, 'ಸತ್ತಿತಪಾ, ನಿನ್ನಿ ಬಿಸಲಿಗೆ' ಎಂದರು. ಜನ್ಮದಲ್ಲಿ ಸುಳ್ಳಾಡದ ಬಾಯಿ. ಪಾಲಿನ ಜಾನುವಾರು ಸತ್ತರೆ ಮಾಲಕನಿಗೆ ಜಾಗ ತೋರಿಸಬೇಕಲ್ಲ, ಪೇರಲ ಗಿಡದ ಬುಡ ತೋರಿಸಿದರು. ಅವನು ಚಪ್ಪಲಿ ಬಿಟ್ಟು ಆ ಬರಿ ನೆಲಕ್ಕೆ ಕೈ ಮುಗಿದು ನಿಂತ. ಕಣ್ಣು ಒರೆಸಿಕೊಂಡ. ಅವನೋ, ಅವನ ತಮ್ಮನೋ ಕೇಳಿದರೆ ನೀವೂ ಸತ್ತಿತು ಎಂದೇ ಹೇಳಿ. ಸನ್ಮತಿಗೂ ಹಾಗೇ ಹೇಳಬೇಕು, ಮಗುವಿನ ಬಾಯಿ ನಿಲ್ಲುವುದಿಲ್ಲ. ಆದರೆ ನಾನು ಬರೆಯಬೇಕಾದದ್ದು ಇದು. ಹೋಗುವಾಗ ಅವನು ಅತ್ತೆಯವರ ಕಾಲು ಮುಟ್ಟಿ, 'ನಿಮ್ಮ ತಪ್ಪ ಏನಿಲ್ರಿ ಆಯಿ. ಕೂಸ ಅಳಬಾರ್ದ. ಚಕಲಿ ಹೆಣ್ಣಮರಿ ಒಂದ ನನ್ನ ಕಡೆ ಐತಿ, ದೊಡ್ಡದಾಗೇತಿ. ಐತವಾರ ತಂದ ಬಿಡ್ತೀನಿ, ಅದ ಪಾಲಿನ ಮ್ಯಾಲ' ಎಂದು ಹೇಳಿ ಹೋದ. ಬೇಡ ಎಂದರೆ ಅದು ಅವನ ಶೆಡ್ಡಿನಲ್ಲಿ ಈದು ಸಾಯುತ್ತದೆ, ಬೇಕು ಎಂದರೆ ನನ್ನ ಕೈಯಲ್ಲಿ. ಶನಿವಾರ ಅವನು ನಿಮಗೆ ಫೋನ್ ಮಾಡುತ್ತಾನಂತೆ. ನನ್ನನ್ನು ಕೇಳದೆ ಹೂಂ ಎನ್ನಬೇಡಿ.