ಅರಮನೆ ಇಲ್ಲದ ಮೈಸೂರಿನ ಲೋಡು

ಚನ್ನರಾಯಪಟ್ಟಣ
ಭಾನುವಾರ, ೧೬-೧೧-೨೦೨೫

ನೀಲಾ,

ಹೇಗಿದ್ದೀಯ? ಇದನ್ನೇ ಫೋನಿನಲ್ಲಿ ಕೇಳಿದರೆ ನಿನ್ನ ಪರವಾಗಿ ಮಗಳು ದಿವ್ಯಾ ಉತ್ತರ ಕೊಡುತ್ತಾಳೆ, ಎದುರಿಗೆ ಬಂದು ಕೇಳಿದರೆ ನೀನು ತಲೆಯಾಡಿಸಿ ಸುಮ್ಮನಾಗುತ್ತೀಯ. ಕಾಗದವಾದರೆ ಪೂರ್ತಿ ಓದಲೇಬೇಕು, ನಡುವೆ ಎದ್ದು ಅಡುಗೆಮನೆಗೆ ಹೋಗುವ ಹಾಗಿಲ್ಲ ಎಂದುಕೊಂಡು ಬರೆಯಲು ಕೂತಿದ್ದೇನೆ. ಕತ್ತಿನ ಹೊಲಿಗೆ ಒಣಗಿದೆಯಾ? ಆಪರೇಷನ್ ಆದ ಕಡೆ ಇನ್ನೂ ಎಳೆಯುತ್ತದೆಯಾ? ಥೈರಾಯಿಡ್ ಮಾತ್ರೆಯನ್ನು ಎದ್ದ ಕೂಡಲೇ ಖಾಲಿ ಹೊಟ್ಟೆಗೆ ತೆಗೆದುಕೊಳ್ಳುತ್ತಿದ್ದೀಯಾ, ಇಲ್ಲ ಕಾಫಿ ಕುಡಿದ ಮೇಲೆ ನೆನಪಾಗುತ್ತದೆಯಾ? ನಾನು ಚೆನ್ನಾಗಿದ್ದೇನೆ. ಮಂಡಿ ನೋವಿದೆ, ಅದು ಯಾವಾಗಲೂ ಇರುವುದೇ. ಅಡುಗೆ ನಾನೇ ಮಾಡುತ್ತಿದ್ದೇನೆ. ಶಿವಕುಮಾರ ನನ್ನ ಉಪ್ಸಾರನ್ನು ಮಾತಿಲ್ಲದೆ ಉಂಡು ಎದ್ದು, ಗಾಡಿ ನೋಡಿಕೊಂಡು ಬರುತ್ತೇನೆ ಎಂದು ಹೊರಡುತ್ತಾನೆ. ಗಾಡಿ ನಿಲ್ಲುವ ಜಾಗದ ಪಕ್ಕದಲ್ಲೇ ಹೋಟೆಲು ಇರುವುದು ಅಪ್ಪನಿಗೆ ಗೊತ್ತಿಲ್ಲ ಎಂದುಕೊಂಡಿದ್ದಾನೆ, ಪಾಪ.

ಶುಕ್ರವಾರ ದಿವ್ಯಾ ಫೋನ್ ಮಾಡಿ ನಿನ್ನ ತೀರ್ಮಾನ ತಿಳಿಸಿದಳು. ಮಾತಾಡಬಾರದೆಂದು ಡಾಕ್ಟರು ಹಾಕಿದ್ದ ಗಡುವು ಮುಗಿದು ಆಗಲೇ ಸುಮಾರು ದಿನವಾಯಿತಂತೆ, ಮೆಲ್ಲಗೆ ಮಾತಾಡಬಹುದಂತೆ, ಆದರೆ ಸ್ವರ ಮೊದಲಿನ ಹಾಗೆ ಆಗುವುದಿಲ್ಲವಂತೆ. ಅದಕ್ಕೆ ನೀನು, 'ಗಂಡಸ್ರ ಗಂಟ್ಲಾಗೈತೆ ಕಣೇ, ಈ ದನೀಲಿ ಡ್ರೈವರ್‌ಗಳ ತಾವ ಮಾತಾಡಕ್ಕಾಗಕಿಲ್ಲ, ಇನ್ಮೇಲೆ ಆಫೀಸ್ ಬಾಗ್ಲು ತುಳಿಯಾಕಿಲ್ಲ' ಎಂದೆಯಂತೆ. ಮಗಳ ಮುಂದೆ ಆಡಿದ ಮಾತನ್ನು ನನ್ನ ಮುಂದೆ ಆಡಲಿಲ್ಲ. ಹೋದ ಭಾನುವಾರ ನಾನು ಹಾಸನಕ್ಕೆ ದಿವ್ಯಾಳ ಮನೆಗೆ ಬಂದಾಗ ನೀನು ಬಾಯಿ ಬಿಡಲೇ ಇಲ್ಲ. ಕಾಫಿ ಬೇಕಾ ಎಂಬುದನ್ನೂ ಲೋಟ ಎತ್ತಿ ತೋರಿಸಿ ಕೇಳಿದೆ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಬಹಳ ಬೇಜಾರಾಯಿತು, ಮುಚ್ಚಿಡುವುದೇಕೆ. ಮದುವೆಯಾದ ಹೊಸದರಲ್ಲಿಯೂ ನೀನು ನನ್ನೆದುರು ಇಷ್ಟು ನಾಚಿಕೊಂಡವಳಲ್ಲ. ಇರಲಿ, ತೀರ್ಮಾನದ ವಿಷಯ ಆಮೇಲೆ. ಮೊದಲು ನಮ್ಮ ಲಾರಿ ಆಫೀಸಿನ ಸಮಾಚಾರ ಹೇಳುತ್ತೇನೆ, ಅದನ್ನಾದರೂ ಕೇಳುವ ಆಸೆ ನಿನಗೆ ಇದ್ದೇ ಇರುತ್ತದೆ.

ಕೆಲಸ ಚೆನ್ನಾಗಿ ನಡೆಯುತ್ತಿದೆ. ಇಲ್ಲಿಯ ಕೊಬ್ಬರಿ ಪುಡಿ ಬೆಂಗಳೂರಿನ ಬಿಸ್ಕತ್ ಫ್ಯಾಕ್ಟರಿಗೆ ಹೋಗುತ್ತಿದೆ, ಕೊಣನೂರಿನ ಕಡೆ ಹೊಗೆಸೊಪ್ಪಿನ ಬೇಲುಗಳು ಲಾರಿಗೇರುತ್ತಿವೆ, ಮುಸುಕಿನ ಜೋಳ ಎಷ್ಟು ಹೇರಿದರೂ ಕೋಳಿ ಫೀಡಿನವರಿಗೆ ಸಾಲದು. ಅರಕಲಗೂಡಿನಿಂದ ಶುಂಠಿ ಹೇರಿಕೊಂಡು ಹೋದ ನಟರಾಜು ಬರುವಾಗ ಸಿಮೆಂಟು ಹಿಡಿದುಕೊಂಡು ಬಂದ. ಲಾರಿ ಖಾಲಿ ಬಂದರೆ ನಿನಗೆ ಹೊಟ್ಟೆ ಉರಿಯುತ್ತದಲ್ಲ, ಅದಕ್ಕೆ ಹೇಳಿದೆ. ಶಿವಕುಮಾರ ಎಲ್ಲ ಲಾರಿಗಳಿಗೂ ಜಿಪಿಎಸ್ ಹಾಕಿಸಿದ್ದಾನೆ. ಅವನ ಮೊಬೈಲಿನಲ್ಲಿ ನಮ್ಮ ಲಾರಿಗಳು ಇರುವೆಗಳ ಹಾಗೆ ಹರಿದಾಡುತ್ತವೆ. ನನ್ನದಕ್ಕೂ ಹಾಕಿಕೊಟ್ಟಿದ್ದಾನೆ, ಆದರೆ ನಾನು ಒತ್ತಿದರೆ ಲಾರಿ ಬರುವುದಿಲ್ಲ, ನಾಳೆ ಮಳೆ ಬರುತ್ತದೋ ಇಲ್ಲವೋ ಎಂಬುದು ಬರುತ್ತದೆ. ನಿನ್ನ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಫೋನ್ ಎತ್ತಿದ ಕೂಡಲೇ ಪಾರ್ಟಿಗಳು 'ಅಮ್ಮಾರಿಲ್ವಾ ಸಾ?' ಎನ್ನುತ್ತಾರೆ. ಇದ್ದಾರೆ, ಹಾಸನದಲ್ಲಿದ್ದಾರೆ ಎನ್ನುತ್ತೇನೆ. ಆಮೇಲೆ ಒಲ್ಲದ ಮನಸ್ಸಿನಿಂದ ನನ್ನ ಹತ್ತಿರ ಲೋಡಿನ ಮಾತು ತೆಗೆಯುತ್ತಾರೆ.

ಈಗ ಗುರುವಾರದ ಕಥೆಗೆ ಬರುತ್ತೇನೆ. ದಿವ್ಯಾ ಅಷ್ಟಿಷ್ಟು ಹೇಳಿರುತ್ತಾಳೆ, ನಾನು ಮೊದಲಿಂದ ಹೇಳುತ್ತೇನೆ. ನೀನು ಹಾಸನಕ್ಕೆ ಹೋದ ಮೇಲೆ ದೇವಿಂದ್ರಪ್ಪ ಎಂಬ ಹೊಸ ಡ್ರೈವರು ಸೇರಿದ್ದಾನೆ, ಯಾದಗಿರಿ ಕಡೆಯವನು. ಬಹಳ ವಿಧೇಯ. ಅವನು ಬಂದ ದಿನವೇ ನಮ್ಮ ಕಾಂತರಾಜು ಹಳೆಯ ಡ್ರೈವರಿನ ಗತ್ತಿನಲ್ಲಿ ಕೂರಿಸಿಕೊಂಡು ಅಮ್ಮನ ಕಾನೂನುಗಳನ್ನೆಲ್ಲ ಹೇಳಿಕೊಟ್ಟ. ಗಾಡಿ ಓಡುವಾಗ ಫೋನ್ ಎತ್ತಬಾರದು, ದಾರಿಯಲ್ಲಿ ಯಾರು ಕೈ ಅಡ್ಡ ಹಾಕಿದರೂ ಹತ್ತಿಸಿಕೊಳ್ಳಬಾರದು, ಹೀಗೆ. ಗುರುವಾರ ಅವನು ಹಾಸನದಲ್ಲಿ ದನದ ಫೀಡಿನ ಮೂಟೆ ಹೇರಿಸಿಕೊಂಡು, ಎಲ್ಲಿಗೆ ಎಂದು ಫೋನ್ ಮಾಡಿದ. ಲೋಡು ಹಳ್ಳಿಮೈಸೂರಿನ ಹಾಲಿನ ಡೈರಿಗೆ. ಶಿವಕುಮಾರ ಕೊಣನೂರಿಗೆ ಹೋಗಿದ್ದ. ನಾನು ನಮ್ಮ ಮಾಮೂಲಿ ಬಾಯಲ್ಲಿ, 'ಅಳ್ಳಿ ಮೈಸೂರಿಗೆ ಓಗಪ್ಪಾ' ಎಂದೆ. ಯಾದಗಿರಿಯ ಕಿವಿಗೆ ಅದು, ಅಲ್ಲಿ, ಮೈಸೂರಿಗೆ ಹೋಗಪ್ಪಾ ಎಂದು ಕೇಳಿಸಿತು. ಬಿಲ್ಲಿನಲ್ಲಾದರೂ ನೋಡಬಾರದಿತ್ತೇ ಎಂದರೆ, ಅದರಲ್ಲಿ ಎಚ್. ಮೈಸೂರು ಎಂದು ಹಾಕಿದ್ದರಂತೆ. ಎಚ್ ಎಂದರೆ ಹೆಡ್ ಆಫೀಸ್ ಇರಬೇಕು ಎಂದು ಇವನು ತಿಳಿದುಕೊಂಡ.

ಮಜಾ ಏನೆಂದರೆ ಆ ಮೈಸೂರಿಗೂ ನಮ್ಮ ಹಳ್ಳಿಮೈಸೂರಿನ ಮೇಲೆಯೇ ಹೋಗಬೇಕು. ಹೊಳೆನರಸೀಪುರ ದಾಟಿ ಇವನು ಡೈರಿಯ ಮುಂದಕ್ಕೆ ಬರುವಷ್ಟರಲ್ಲಿ ಸೆಕ್ರೆಟರಿ ಚನ್ನಪ್ಪ ರಸ್ತೆಗೆ ಬಂದು ನಿಂತಿದ್ದಾನೆ, ಹಿಂದೆ ಫೀಡಿಗೆ ಬಂದ ಹೆಂಗಸರೆಲ್ಲ ನಿಂತಿದ್ದಾರೆ, ಎಲ್ಲರೂ ಕೈ ಅಡ್ಡ ಹಾಕಿದ್ದಾರೆ. ಇಷ್ಟು ಜನ ಒಟ್ಟಿಗೆ ಹತ್ತಬೇಕು ಎನ್ನುತ್ತಿದ್ದಾರಲ್ಲ ಎಂದು ದೇವಿಂದ್ರಪ್ಪನಿಗೆ ಗಾಬರಿಯಾಗಿ, ಹಾರನ್ ಹೊಡೆದು ಸೀದಾ ಮುಂದೆ ಹೋಗಿಬಿಟ್ಟ. ಮರುಗಳಿಗೆಯಲ್ಲಿ ಚನ್ನಪ್ಪನ ಫೋನು. 'ಏನ್ ಸ್ವಾಮಿ, ನಿಮ್ ಲಾರಿ ನಮ್ ಮುಂದ್ಗಡಿಂದ್ಲೇ ಓಯ್ತಲ್ಲಾ. ಫೀಡ್ ಬಂದಿತ್ತು, ಆರನ್ ಒಡ್ದು ಓಯ್ತು ಅಂತ ದನಗಳ್ಗೆ ಏಳಾನಾ?' ಎಂದ. ದೇವಿಂದ್ರಪ್ಪನಿಗೆ ಫೋನ್ ಮಾಡಿದೆ, ಮಾಡಿದೆ, ಎತ್ತಲಿಲ್ಲ. ನಿನ್ನ ಕಾನೂನನ್ನು ಇಷ್ಟು ನಿಯತ್ತಾಗಿ ಪಾಲಿಸಿದ ಡ್ರೈವರನ್ನು ನಾನು ಇದುವರೆಗೆ ಕಂಡಿರಲಿಲ್ಲ. ಲಾರಿ ಎಲ್ಲಿ ಹೋಯಿತೋ, ಲೋಡು ಏನಾಯಿತೋ, ಜಿಪಿಎಸ್ ನೋಡಿ ಹೇಳಲಿ ಎಂದು ಶಿವಕುಮಾರನಿಗೆ ಮಾಡಿದರೆ ಅವನ ಫೋನೂ ಸಿಗಲಿಲ್ಲ, ನನ್ನ ಮೊಬೈಲು ಒತ್ತಿದರೆ ಮಳೆಯ ಸುದ್ದಿಯೇ ಬಂತು. ಅದೇ ಹೊತ್ತಿಗೆ ನಿನ್ನ ಮಗಳು ಊಟ ಆಯಿತಾ ಅಪ್ಪಾ ಎಂದು ಫೋನ್ ಮಾಡಿದಳು, ಲಾರಿಯೇ ಕಾಣೆಯಾಗಿದೆ, ಊಟ ಎಲ್ಲಿಂದ ಬಂತು ಎಂದು ಅವಳ ಮೇಲೂ ರೇಗಿದೆ. ಅವಳಿಗೆ ಹೇಳು, ಬೇಜಾರು ಮಾಡಿಕೊಳ್ಳಬಾರದು.

ಕಾಂತರಾಜುವಿನ ಗಾಡಿ ಟೈರು ಬದಲಿಸಲು ಹೋಗಿದ್ದರಿಂದ ಅವನು ಆಫೀಸಿನಲ್ಲೇ ಕೂತಿದ್ದ. ನನ್ನನ್ನು ನೋಡಿ ನೋಡಿ, 'ಅಮ್ಮ ಇದ್ದಿದ್ರೆ ಅರಮನೆ ಇಲ್ದಿರೋ ಮೈಸೂರು ಅಂತಿದ್ರು ಸಾ' ಎಂದ. ಆಗ ನನಗೆ ಹೊಳೆಯಿತು ನೀಲಾ. ನೀನು ಯಾವತ್ತೂ ಫೋನಿನಲ್ಲಿ ಹಳ್ಳಿಮೈಸೂರು ಎಂದವಳಲ್ಲ. ಒಂದು ಅರಮನೆ ಇರುವ ಮೈಸೂರು, ಒಂದು ಅರಮನೆ ಇಲ್ಲದ ಮೈಸೂರು. ಮೊದಮೊದಲು ಡ್ರೈವರುಗಳು ನಕ್ಕರು, ಆಮೇಲೆ ಅವರ ಬಾಯಲ್ಲೂ ಅದೇ ಹೆಸರು ನಿಂತಿತು. ನಾನಂತೂ ಇಷ್ಟು ವರ್ಷ, ಇದ್ದ ಊರಿಗೆ ಇಲ್ಲದ ಹೆಸರು ಯಾಕೆ, ಅಳ್ಳಿ ಮೈಸೂರು ಅಂದರೆ ಸಾಲದಾ ಎಂದು ನಿನ್ನನ್ನು ಗೇಲಿ ಮಾಡಿಕೊಂಡೇ ಬಂದೆ. ನೀನು ಒಂದು ದಿನವಾದರೂ, ನಿಮ್ಮ ಬಾಯಲ್ಲಿ ಹಕಾರ ಹೊರಡುವುದಿಲ್ಲ ಕಣ್ರೀ ಎಂದು ಹೇಳಬಾರದಿತ್ತಾ? ಹೇಳಿದ್ದರೆ ಜಗಳಕ್ಕೆ ಬರುತ್ತಿದ್ದೆ, ಅದಕ್ಕೇ ಹೇಳಲಿಲ್ಲವೇನೋ.

ದೇವಿಂದ್ರಪ್ಪ ಮೈಸೂರಿನ ರಿಂಗ್ ರೋಡಿನಲ್ಲಿ ಗಾಡಿ ನಿಲ್ಲಿಸಿ, ನೆಮ್ಮದಿಯಾಗಿ ಊಟ ಮಾಡಿ, ತಾನಾಗಿಯೇ ಫೋನ್ ಮಾಡಿದ. 'ಅಲ್ಲಿ ಮೈಸೂರಿಗಿ ಬಂದೀನ್ರೀ ಯಜಮಾನ್ರ, ಲೋಡ್ ಎಲ್ಲಿ ಇಳಸ್ಲಿ?' ಎಂದ. ಬೈಯಬೇಕೆಂದು ಕಾದು ಕೂತಿದ್ದವನಿಗೆ ಬೈಗುಳ ಬರಲಿಲ್ಲ, ನಗು ಬಂತು. 'ಬಂದ್ ದಾರೀಲೇ ವಾಪಸ್ ತಿರುಗಪ್ಪಾ, ದಾರೀಲಿ ಚನ್ನಪ್ಪ ಅಂತ ಕೈ ಅಡ್ಡ ಆಕ್ತಾನೆ, ಅವ್ನೊಬ್ನಿಗೆ ನಿಲ್ಸು' ಎಂದೆ. ಸಂಜೆ ಹಾಲು ಅಳೆಯುವ ಹೊತ್ತಿಗೆ ಮೂಟೆಗಳು ಇಳಿದವು. ಡೈರಿಯ ಹೆಂಗಸರು, 'ಏನಪ್ಪಾ, ಅರಮನೆ ನೋಡ್ಕಂಡ್ ಬಂದ್ಯಾ?' ಎಂದು ಅವನನ್ನು ಚೆನ್ನಾಗಿ ಆಡಿಸಿ, ಕಾಫಿ ಕುಡಿಸಿ ಕಳಿಸಿದರಂತೆ. ವಾಪಸು ಬಂದವನು ಬಿಲ್ಲನ್ನು ನನ್ನ ಮೇಜಿನ ಮೇಲಿಟ್ಟ. ಕಾಂತರಾಜುವನ್ನು ಪಕ್ಕಕ್ಕೆ ಕರೆದು, 'ಅಮ್ಮಾರು ಯಾವಾಗ ಬರ್ತಾರ್ರೀ?' ಎಂದು ಕೇಳಿದ. ಅವನು ನಿನ್ನ ಮುಖವನ್ನೇ ನೋಡಿಲ್ಲ.

ಇನ್ನು ನಿನ್ನ ತೀರ್ಮಾನ. ನಾನು ಒತ್ತಾಯ ಮಾಡಬಾರದು ಎಂದು ದಿವ್ಯಾ ಎಚ್ಚರಿಸಿದ್ದಾಳೆ, ಮಾಡುವುದಿಲ್ಲ. ಇಷ್ಟು ವರ್ಷ ದುಡಿದವಳು ಮನೆಯಲ್ಲಿ ಕೂತರೆ ಬೇಡ ಎನ್ನಲು ನಾನು ಯಾರು? ಆಫೀಸನ್ನು ಶಿವಕುಮಾರ ನೋಡಿಕೊಳ್ಳುತ್ತಾನೆ, ಅವನಿಲ್ಲದಾಗ ನಾನು ಹಕಾರ ಅಭ್ಯಾಸ ಮಾಡಿಕೊಳ್ಳುತ್ತೇನೆ. ಅಳಿಯಂದಿರಿಗೂ ದಿವ್ಯಾಗೂ ಆಶೀರ್ವಾದ, ಮೊಮ್ಮಗಳಿಗೆ ಮುತ್ತು. ಶಿವ ನಿನ್ನ ಗಂಟಲನ್ನು ಕಾಪಾಡಲಿ, ಕೈ ಬಿಡುವಾದರೆ ನನ್ನ ಮಂಡಿಯನ್ನೂ ನೋಡಲಿ.

ಇಂತಿ ನಿನ್ನವನೇ ಆದ
ಗಂಗಾಧರಯ್ಯ

ಮತ್ತೆ: ನಟರಾಜು ಹಾಸನಕ್ಕೆ ಹೊರಟಿದ್ದಾನೆ, ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಇಂಜಿನ್ ಸ್ಟಾರ್ಟ್ ಮಾಡಿಕೊಂಡು ಕೂತಿದ್ದಾನೆ, ಬೇಗ ಬರೆಯುತ್ತೇನೆ. ಗುರುವಾರದ ಕಥೆಯಲ್ಲಿ ಒಂದು ಬಿಟ್ಟಿದ್ದೆ. ಲಾರಿಯ ಸುಳಿವು ಸಿಗದೆ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಆಫೀಸಿಗೆ ಒಂದು ಫೋನು ಬಂತು. ಕಾಂತರಾಜು ಎತ್ತಿ ಸ್ಪೀಕರಿಗೆ ಹಾಕಿದ. ಒರಟಾದ ದಪ್ಪ ಸ್ವರ, ಹಲೋ ಅನ್ನಲಿಲ್ಲ, 'ಲಾರಿ ಸಿಕ್ತೇನಪ್ಪಾ? ಡ್ರೈವರ್ ಉಂಡವ್ನಾ?' ಎಂದು ಕೇಳಿತು. ಕಾಂತರಾಜು, 'ಯಾರ್ ಸಾ ತಾವು?' ಎಂದ. ಕಟ್ಟಾಯಿತು. ಯಾರೋ ಬ್ರೋಕರು ಇರಬೇಕೆಂದು ಅವನು ಅಂದುಕೊಂಡ. ಫೋನು ಬಂದದ್ದು ಅಳಿಯಂದಿರ ಅಂಗಡಿಯಿಂದ ಎಂದು ಆಮೇಲೆ ನೋಡಿದೆ, ಆದರೆ ಯಾರೆಂದು ತಿಳಿಯಲು ನಂಬರು ನೋಡುವ ಅಗತ್ಯವೇ ಬೀಳಲಿಲ್ಲ. ದಾರಿ ತಪ್ಪಿದ ಡ್ರೈವರು ಉಂಡನಾ ಎಂದು ಕೇಳುವವರು ಈ ಲೈನಿನಲ್ಲಿ ಇನ್ನು ಯಾರಿದ್ದಾರೆ? ನಿನ್ನ ಸ್ವರ ಕೇಳಿ ನನಗೆ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೇ ಬಂತು. ಮಾರನೆಯ ದಿನವೇ ದಿವ್ಯಾ ನಿನ್ನ ತೀರ್ಮಾನ ಹೇಳಿದಾಗ, ಗಂಡಸೆಂದು ತಿಳಿದು ಕಾಂತರಾಜು ಅಂದ ಆ 'ಸಾ' ನಿನಗೆ ಎಲ್ಲಿ ಚುಚ್ಚಿತು ಎಂಬುದೂ ತಿಳಿಯಿತು. ಒತ್ತಾಯ ಮಾಡುವುದಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ನಾಳೆ ಬೆಳಿಗ್ಗೆ ನಿನ್ನನ್ನು ಕರೆದುಕೊಂಡು ಹೋಗಲು ಬರುತ್ತೇನೆ, ಸೀರೆಗಳನ್ನು ಬ್ಯಾಗಿಗೆ ತುಂಬಿಕೊಂಡಿರು. ಕಾಂತರಾಜುವಿನ ಮೇಲೆ ಮುನಿಸಿಕೊಳ್ಳಬೇಡ, ಅವನು ಇನ್ನು ಮೇಲೂ ಹಾಗೇ ಅನ್ನಲಿ ಬಿಡು. ನಾನು ಆ ಕುರ್ಚಿಯಲ್ಲಿ ಕೂತರೆ ಒಬ್ಬರೂ ಹೆದರುವುದಿಲ್ಲ ನೀಲಾ. ನಮ್ಮ ಆಫೀಸಿಗೆ ಒಬ್ಬರು 'ಸಾ' ಬೇಕಾಗಿತ್ತು.