ಹೀರಾಬಾಯಿಯ ಹೆಗಲಿನ ಚೀಲ

ಕುಂದಗೋಳ, ೧೨-೯-೭೪, ಗುರುವಾರ

ಇವತ್ತೂ ಅದೇ ಚೀಲ ಕಣ್ಣಿಗೆ ಬಿತ್ತು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದುಹೋಗುವ ನಮ್ಮ ಸಾಲೆಯ ಹೊಸ ಶಿಕ್ಷಕಿ ಹೀರಾಬಾಯಿಯದು. ಕಂದು ಚರ್ಮ, ಹಿತ್ತಾಳೆಯ ಗುಂಡಿ. ಮುಚ್ಚಿದಾಗ ಟಪ್ ಎನ್ನುತ್ತದೆ. ಆ ಸದ್ದಿಗೇ ನನ್ನ ಹೊಟ್ಟೆ ಉರಿಯುತ್ತದೆ. ನನ್ನದು ಹಳೆಯ ಇಳಕಲ್ ಸೀರೆಯಲ್ಲಿ ನಾನೇ ಹೊಲಿದ ಚೀಲ. ಬುತ್ತಿ, ಹಾಜರಿ ಪುಸ್ತಕ, ಕೊಡೆ, ಸಂತೆಯ ಬದನೆಕಾಯಿ, ಎಲ್ಲವೂ ಹಿಡಿಸುತ್ತದೆ. ಆದರೆ ಒಬ್ಬರೂ ತಿರುಗಿ ನೋಡುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳೇ ಹೇಳಿದಳು: “ಕಸ್ತೂರಿ ಅಕ್ಕಾರ, ಇದರಾಗ ಬುತ್ತಿ ಡಬ್ಬಿನೂ ಹಿಡಸೂದಿಲ್ರಿ. ಪಟ್ಟಿ ಹೆಗಲು ಕೊರೀತದ. ನಿಮ್ಮ ಚೀಲ ಅಗದಿ ಛಲೋ ಅದ. ನನಗೂ ಒಂದು ಹೊಲದು ಕೊಡ್ತೀರೇನು?”

ಎಷ್ಟು ಖುಷಿಯಾಯಿತೆಂದರೆ, “ಹಾಕ್ಕೊಂಡು ನೋಡ್ರಿ” ಎಂದು ನನ್ನದನ್ನೇ ಅವಳಿಗೆ ಕೊಟ್ಟೆ. ಅವಳದನ್ನು ನಾನು ಹೆಗಲಿಗೆ ಹಾಕಿಕೊಂಡೆ. ಅಷ್ಟರಲ್ಲಿ ಮಹಾದೇವಕ್ಕ ಒಳಗೆ ಬಂದಳು. ಎರಡು ವರ್ಷದಿಂದ ನನ್ನ ಜೊತೆ ಕಲಿಸುವವಳು. ನನ್ನನ್ನು ನೋಡಿ, “ಯಾರದೋ ಚೀಲ ಹಿಡಕೊಂಡು ನಿಂತಂಗ ಕಾಣ್ತೀ ಬೇ” ಎಂದಳು. ಆಮೇಲೆ ಹೀರಾಬಾಯಿಯತ್ತ ತಿರುಗಿದಳು.

“ಎಷ್ಟು ಚಂದ ಒಪ್ಪೇದರಿ ನಿಮಗ. ಈ ಚೀಲ ಎಲ್ಲಿ ತಗೊಂಡ್ರಿ?”

ಎರಡು ವರ್ಷದಿಂದ ಮಹಾದೇವಕ್ಕನ ಎದುರಿಗೇ ಅದನ್ನು ದಿನಾ ಹೊತ್ತು ತಿರುಗಿದ್ದೇನೆ.

ಹೀರಾಬಾಯಿ ನಕ್ಕು, “ಇದು ಕಸ್ತೂರಿ ಅಕ್ಕಾರದರಿ” ಎಂದಳು. ಒಳ್ಳೆಯ ಹುಡುಗಿ, ಬೈಯುವುದಕ್ಕೂ ಆಗುವುದಿಲ್ಲ. ಹೊಲಿದುಕೊಡುತ್ತೇನೆಂದು ಮಾತು ಕೊಟ್ಟಾಗಿದೆ. ಬಟ್ಟೆಯನ್ನೂ ತೆಗೆದಿಟ್ಟಿದ್ದೇನೆ, ಆದರೆ ಕತ್ತರಿ ಹಾಕಲು ಕೈ ಬರುತ್ತಿಲ್ಲ. ಚರ್ಮದ ಚೀಲ ಅವಳದೇ ಇರಲಿ. ಇದೂ ಅವಳಿಗೇ ಒಪ್ಪುವುದಾದರೆ ನನಗೆ ಒಪ್ಪುವುದು ಯಾವುದು?