ಏಳನೇ ನಿಯಮದ ‘ವಿಲೇವಾರಿ’ ನನ್ನದು

ಹವಾಮಾನ ಮತ್ತು ಆಹಾರ ತ್ಯಾಜ್ಯ ವಿಭಾಗದ ಮುಖ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಬಡಿಸಿ ಮಿಕ್ಕ ಅನ್ನವನ್ನು ಹಸಿದವರಿಗೆ ಕೊಟ್ಟಳು ಎಂಬ ಅಪರಾಧಕ್ಕಾಗಿ ಸಾರ್ವಜನಿಕ ಆಸ್ಪತ್ರೆಯ ಮುಖ್ಯ ಅಡುಗೆಯವಳನ್ನು ನೀವು ಅಮಾನತು ಮಾಡಿ ಇಂದಿಗೆ ಹತ್ತೊಂಬತ್ತು ದಿನ. ಬರುವ ಸೋಮವಾರ ವಿಚಾರಣೆ. ಆರೋಪ, ನಿಮ್ಮದೇ ಮಾತಿನಲ್ಲಿ, ‘ಹವಾಮಾನ ಕ್ರಿಯಾ ಯೋಜನೆಯ ಏಳನೇ ನಿಯಮದ ಉಲ್ಲಂಘನೆ’. ಭೂಮಿ ಬಿಸಿಯಾಗುತ್ತಿರುವುದರಲ್ಲಿ ಆಕೆಯ ಸೌಟಿನದೂ ಒಂದು ಪಾಲಿದೆ ಎಂದು ಇದರಿಂದ ತಿಳಿದುಕೊಂಡೆವು. ಆಕೆ ನನ್ನ ತಂಗಿ. ಹಾಗೆಂದ ಕೂಡಲೇ ದಯವಿಟ್ಟು ಪತ್ರವನ್ನು ಪಕ್ಕಕ್ಕೆ ಸರಿಸಬೇಡಿ. ತಂಗಿಯ ಪರವಾಗಿ ವಕಾಲತ್ತು ವಹಿಸಲು ನಾನು ಬರೆಯುತ್ತಿಲ್ಲ. ಆಕೆ ಮುರಿದಳು ಎನ್ನಲಾದ ಆ ನಿಯಮವನ್ನು ಬರೆದವನೇ ನಾನು. ಇಷ್ಟನ್ನು ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು.

ಮೂವತ್ತೊಂದು ವರ್ಷ ನಿಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ, ಒಡೆದ ಕಿಟಕಿ ಗಾಜಿಗೆ ರಟ್ಟು ಅಂಟಿಸಿದ ಕೋಣೆಯಲ್ಲಿ ಕೂತು ಕರಡು ಬರೆದವನು ನಾನು. ಆ ರಟ್ಟು ಈಗಲೂ ಇದ್ದರೆ ಅದರ ಮೇಲಿನ ಶಾಯಿಯ ಗುರುತು ನನ್ನ ಪೆನ್ನಿನದೇ. ದೊಡ್ಡವರು ಸಭೆಯಲ್ಲಿ ಮೂರು ದಿನ ಮಾತನಾಡಿದ್ದನ್ನು ಮೂರು ಸಾಲಿಗೆ ಇಳಿಸುವುದು ನನ್ನ ಕೆಲಸ. ಸಹೋದ್ಯೋಗಿಗಳು ನನ್ನನ್ನು ‘ಕತ್ತರಿ’ ಎಂದು ಕರೆಯುತ್ತಿದ್ದರು. ನಾನು ಬೇಸರಪಟ್ಟುಕೊಳ್ಳುತ್ತಿರಲಿಲ್ಲ, ಒಳಗೊಳಗೇ ಉಬ್ಬುತ್ತಿದ್ದೆ. ಉದ್ದ ಬರೆಯುವವರನ್ನು ಕಂಡರೆ ಮೂಗು ಮುರಿಯುತ್ತಿದ್ದೆ. ಈಗ ಈ ಪತ್ರ ಉದ್ದವಾಗುತ್ತಿದೆ, ಆಗಲಿ. ಕತ್ತರಿಸಿದ್ದನ್ನೆಲ್ಲ ವಾಪಸು ಹೊಲಿಯುವಾಗ ಸ್ವಲ್ಪ ಜಾಗ ಬೇಕಾಗುತ್ತದೆ.

ಕೊಳೆಯುವ ಆಹಾರದಿಂದ ಏಳುವ ಅನಿಲ ಗಾಳಿಯನ್ನು ಬಿಸಿ ಮಾಡುತ್ತದೆ, ಆದ್ದರಿಂದ ದೊಡ್ಡ ಅಡುಗೆಮನೆಗಳಿಗೆಲ್ಲ ಒಂದು ನಿಯಮ ಬೇಕು ಎಂದು ತೀರ್ಮಾನವಾದಾಗ ಸಮಿತಿಯೊಂದು ಕೂತಿತು. ಅದರಲ್ಲಿ ಮಣ್ಣಿನ ವಿಷಯ ತಿಳಿದವರಿದ್ದರು, ಆಸ್ಪತ್ರೆಯ ಊಟ ನೋಡಿಕೊಳ್ಳುವವರಿದ್ದರು, ಹೊಲ ಮಾಡುವವರೂ ಇಬ್ಬರಿದ್ದರು. ಅವರು ಬರೆದುಕೊಟ್ಟದ್ದು ಇಷ್ಟು: ‘ಉಳಿದ ಆಹಾರವನ್ನು ಮೊದಲು ಉಣ್ಣುವವರಿಗೆ ಕೊಡಬೇಕು. ಉಣ್ಣಲು ಬಾರದ್ದನ್ನು ದನಕ್ಕೆ, ಕೋಳಿಗೆ ಕೊಡಬೇಕು. ಅದಕ್ಕೂ ಬಾರದ್ದನ್ನು ಹತ್ತಿರದ ಹೊಲದ ಗೊಬ್ಬರದ ಗುಂಡಿಗೆ ಸೇರಿಸಬೇಕು.’ ನಿಮ್ಮ ಕುರ್ಚಿಯಲ್ಲಿ ಆಗ ಇದ್ದವರು ಅದನ್ನು ಓದಿ ನಕ್ಕು, “ಚೆನ್ನಾಗಿದೆ, ಆದ್ರೆ ಇದು ನಿಯಮಾನೋ ಊಟದ ಕರೆಯೋಲೆನೋ? ಒಂದು ಸಾಲಲ್ಲಿ ಮುಗಿಸಿ” ಎಂದರು. ಅರ್ಧ ಗಂಟೆಯಲ್ಲಿ ಮುಗಿಸಿದೆ. ‘ಉಳಿದ ಆಹಾರವನ್ನು ಅದೇ ದಿನ ಸೂಕ್ತವಾಗಿ ವಿಲೇವಾರಿ ಮಾಡತಕ್ಕದ್ದು.’ ಸಭೆಯಲ್ಲಿ ನನ್ನ ಬೆನ್ನು ತಟ್ಟಿದರು. ಉಣ್ಣುವವರು, ದನ, ಕೋಳಿ, ಹೊಲ ಎಲ್ಲವೂ ಒಂದೇ ಪದದೊಳಗೆ ಹಿಡಿದವು ಎಂದು ನಾನೂ ನಂಬಿದ್ದೆ.

ನಂಬಿದ್ದು ಯಾಕೆಂದರೆ ಕಚೇರಿಯಲ್ಲಿ ನಮಗೆ ಅದಕ್ಕಿಂತ ಒಳ್ಳೆಯ ಪದವಿರಲಿಲ್ಲ. “ಎಷ್ಟು ಕಡತ ವಿಲೇವಾರಿ ಆಯ್ತು?” ಎಂಬುದು ದಿನದ ಕೊನೆಯ ಪ್ರಶ್ನೆ. ವಿಲೇವಾರಿ ಆಯಿತೆಂದರೆ ಕಡತ ಸೇರಬೇಕಾದವರ ಕೈ ಸೇರಿತು, ಅರ್ಜಿ ಹಾಕಿದವನ ಕೆಲಸ ಆಯಿತು, ನಾವು ಮನೆಗೆ ಹೋಗಬಹುದು. ಮೂರು ದಶಕ ಆ ಪದವನ್ನು ಅದೇ ಅರ್ಥದಲ್ಲಿ ಉಂಡು ಹೊದ್ದವನಿಗೆ, ಕಚೇರಿಯ ಮೆಟ್ಟಿಲಿಳಿದು ಬೀದಿಗೆ ಬಂದರೆ ಅದರ ಹಿಂದೆ ಬರುವುದು ಒಂದೇ ಪದ, ಕಸ, ಎಂಬುದು ಹೊಳೆಯಲಿಲ್ಲ. ಕಸ ವಿಲೇವಾರಿ. ಗೋಡೆಗಳ ಮೇಲೆ, ಲಾರಿಗಳ ಮೇಲೆ, ನನ್ನ ಮನೆಯ ಎದುರಿನ ತೊಟ್ಟಿಯ ಮೇಲೆ ಅದನ್ನು ದಿನವೂ ಓದುತ್ತಿದ್ದೆ. ಓದಿಯೂ ಕಾಣಲಿಲ್ಲ. ಅನ್ನದ ಪಕ್ಕದಲ್ಲಿ ಆ ಪದವನ್ನು ತಂದು ಕೂರಿಸಿದವನು ನಾನು.

ನಿಮ್ಮ ಪಾಲನ್ನೂ ಮರೆಮಾಚುವುದು ಬೇಡ. ನಿಯಮ ಜಾರಿಯಾದ ಮರುವರ್ಷ ನಿಮ್ಮ ವಿಭಾಗ ಒಂದು ಸ್ಪಷ್ಟೀಕರಣ ಹೊರಡಿಸಿತು. ಸ್ಪಷ್ಟವಾಗಿಯೇ ಇತ್ತು: ‘ವಿಲೇವಾರಿ ಎಂದರೆ ಆಹಾರವನ್ನು ಮತ್ತೆ ಬಳಸಲಾಗದಂತೆ ಫಿನಾಯಿಲ್ ಸುರಿದು ವಾಹನಕ್ಕೆ ಒಪ್ಪಿಸುವುದು.’ ಸಮಿತಿಯ ಮೂರು ಸಾಲು ಅದೇ ಕಡತದ ಹನ್ನೆರಡನೇ ಹಾಳೆಯಲ್ಲಿದ್ದವು. ಒಬ್ಬರಾದರೂ ಹಾಳೆ ತಿರುವಿ ನೋಡಬಾರದಿತ್ತೇ? ಈಗ ನಗರದ ಅಷ್ಟೂ ದೊಡ್ಡ ಅಡುಗೆಮನೆಗಳ ಅನ್ನ, ಬೇಳೆ, ಬ್ರೆಡ್ಡು ಮುಚ್ಚಿದ ಲಾರಿಯಲ್ಲಿ ಡೀಸೆಲ್ ಸುಟ್ಟುಕೊಂಡು ಊರಾಚೆಯ ಕಸದ ಗುಡ್ಡೆಗೆ ಹೋಗುತ್ತದೆ. ಅಲ್ಲಿ ಕೊಳೆಯುತ್ತದೆ. ಬೇಸಿಗೆಯಲ್ಲಿ ಗುಡ್ಡೆ ತಾನೇ ಹೊತ್ತಿಕೊಂಡು ಉರಿಯುತ್ತದೆ. ಯಾವ ಅನಿಲ ಏಳಬಾರದೆಂದು ಯೋಜನೆ ಮಾಡಿದೆವೋ ಅದು ಈಗ ಒಂದೇ ಕಡೆಯಿಂದ, ಶಿಸ್ತಾಗಿ ಏಳುತ್ತದೆ. ನಿಮ್ಮ ವಾರ್ಷಿಕ ವರದಿ ಮಾತ್ರ ‘ನೂರಕ್ಕೆ ನೂರು ವಿಲೇವಾರಿ’ ಎನ್ನುತ್ತದೆ. ಗುಡ್ಡೆಗೆ ಹೆಚ್ಚು ಅನ್ನ ಬಂದಷ್ಟೂ ಯೋಜನೆ ಯಶಸ್ವಿ. ಇಂಥ ಯಶಸ್ಸನ್ನು ಯಾವ ಮುಖ ಇಟ್ಟುಕೊಂಡು ಓದಲಿ?

ತಂಗಿಯ ಅಡುಗೆಮನೆಗೆ ದಿನಾ ಬೆಳಿಗ್ಗೆ ತರಕಾರಿಯವರೊಬ್ಬರು ಬರುತ್ತಿದ್ದರು. ಊರಂಚಿನಲ್ಲಿ ತಮ್ಮದೇ ಹೊಲ. ತರಕಾರಿ ಇಳಿಸಿ, ಹಿಂದಿನ ದಿನದ ಸಿಪ್ಪೆ, ದಂಟು, ಹಳಸಿದ್ದು ಎಲ್ಲವನ್ನೂ ಎರಡು ನೀಲಿ ಡ್ರಮ್ಮಿನಲ್ಲಿ ತುಂಬಿಕೊಂಡು ಹೋಗಿ ಗೊಬ್ಬರ ಮಾಡುತ್ತಿದ್ದರು. ಅದೇ ಗೊಬ್ಬರದಲ್ಲಿ ಬೆಳೆದ ಸೊಪ್ಪು ಮತ್ತೆ ಅದೇ ಆಸ್ಪತ್ರೆಯ ಪಾತ್ರೆಗೆ ಬರುತ್ತಿತ್ತು. ಸಮಿತಿಯವರು ಮೂರು ದಿನ ಕೂತು ಕಂಡುಕೊಂಡದ್ದನ್ನು ಈ ಮನುಷ್ಯ ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದರು. ಸ್ಪಷ್ಟೀಕರಣ ಬಂದ ವಾರವೇ ಡ್ರಮ್ಮುಗಳನ್ನು ಗೇಟಿನಲ್ಲಿ ತಡೆದರು. ನಾನು ಸರ್ಕಾರಿ ಮನುಷ್ಯನೆಂದು ತಿಳಿದಿದ್ದ ಅವರು ಒಮ್ಮೆ ನನ್ನನ್ನು ನಿಲ್ಲಿಸಿ, “ಭೂಮಿ ಬಿಸಿ ಆಗ್ತಿದೆ ಅಂತ ನನ್ನ ಡ್ರಮ್ ಕಿತ್ಕೊಂಡ್ರಾ ಸಾರ್?” ಎಂದು ಕೇಳಿದರು. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿದುಕೊಳ್ಳಲು. ಬಸ್ಸು ಬಂತು ಎಂದು ಹೇಳಿ ಅಲ್ಲಿಂದ ಕಳಚಿಕೊಂಡೆ. ಬಸ್ಸು ಬಂದಿರಲಿಲ್ಲ.

ತಂಗಿಗೆ ಐವತ್ತೆರಡು ವರ್ಷ, ಆದರೂ ನನ್ನ ಬಾಯಲ್ಲಿ ಅವಳು ಪುಟ್ಟಿಯೇ. ಆಸ್ಪತ್ರೆಯಲ್ಲಿ ಎಷ್ಟೇ ಅಳತೆ ಮಾಡಿ ಬೇಯಿಸಿದರೂ ಒಂದಷ್ಟು ಮಿಗುತ್ತದೆ. ಯಾರೋ ಮಧ್ಯಾಹ್ನವೇ ಬಿಡುಗಡೆಯಾಗಿ ಹೊರಟಿರುತ್ತಾರೆ, ಯಾರಿಗೋ ಶಸ್ತ್ರಚಿಕಿತ್ಸೆಯೆಂದು ಊಟ ನಿಲ್ಲಿಸಿರುತ್ತಾರೆ. ಆ ಊಟವನ್ನು ಪುಟ್ಟಿ ಹಿಂದಿನ ಕಿಟಕಿಯಿಂದ, ವಾರ್ಡಿನ ಹೊರಗೆ ಬೆಂಚಿನ ಮೇಲೆ ಕಾದು ಕೂತ ರೋಗಿಗಳ ಮನೆಯವರಿಗೆ ಕೊಡುತ್ತಿದ್ದಳು. ಆ ಸ್ಪಷ್ಟೀಕರಣ ಬಂದ ಮೇಲೆ ಅದನ್ನು ನಿಲ್ಲಿಸಿದಳು. ಒಂದು ಮಧ್ಯಾಹ್ನ ಏನೋ ಕೆಲಸಕ್ಕೆ ಅಲ್ಲಿಗೆ ಹೋಗಿದ್ದಾಗ ನಾನೇ ನೋಡಿದೆ. ದೊಡ್ಡ ಪಾತ್ರೆಯ ಮುಚ್ಚಳ ತೆಗೆದಳು, ಚಮಚದಲ್ಲಿ ತುಸು ಬೇಳೆ ತೆಗೆದು ಅಂಗೈಗೆ ಹಾಕಿಕೊಂಡು ರುಚಿ ನೋಡಿದಳು, “ಉಪ್ಪು ಸರಿಯಾಗಿದೆ” ಎಂದಳು, ಆಮೇಲೆ ಫಿನಾಯಿಲ್ ಸುರಿದಳು. ಮೂವತ್ತು ವರ್ಷದ ಅಭ್ಯಾಸ. ಹೊರಗೆ ಕಳಿಸುವ ಮುನ್ನ ರುಚಿ ನೋಡದೆ ಅವಳ ಕೈ ಏನನ್ನೂ ಕಳಿಸುವುದಿಲ್ಲ. ಕೈ ತೊಳೆದುಕೊಂಡು ಬಂದು ನನ್ನನ್ನು ಕೇಳಿದಳು, “ಅಣ್ಣ, ಈ ವಿಲೇವಾರಿ ಅಂದ್ರೆ ಚೆಲ್ಲೋದು ಅಂತಾನೇನಾ? ನೀನು ಆಫೀಸಲ್ಲಿರೋನು, ನಿಂಗೆ ಗೊತ್ತಿರುತ್ತೆ.”

ಮಾನ್ಯರೇ, ಅಲ್ಲ ಎಂಬ ಎರಡಕ್ಷರ ಸಾಕಿತ್ತು. ನಾನು ಹೇಳಿದ್ದು, “ಮೇಲಿನವರು ಹೇಳ್ದಂಗೆ ಮಾಡ್ಬಿಡು. ಪದದ ಅರ್ಥ ಕಟ್ಕೊಂಡು ನಿಂಗೇನಾಗ್ಬೇಕು?” ಅಲ್ಲ ಎಂದಿದ್ದರೆ ಮುಂದಿನ ಪ್ರಶ್ನೆ, ಹಾಗಾದರೆ ಯಾರು ಹೀಗೆ ಬರೆದವರು ಎಂಬುದಾಗಿರುತ್ತಿತ್ತು. ಪದಗಳ ವಿಷಯದಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಂಬಿದ ತಂಗಿಯ ಎದುರು ಒಂದು ಪದ ತಪ್ಪಿದೆ ಎನ್ನುವುದು ನನ್ನಿಂದ ಆಗಲಿಲ್ಲ. ಮರುವರ್ಷ ನಿವೃತ್ತನಾದಾಗ ಬೀಳ್ಕೊಡುಗೆಯಲ್ಲಿ ಆ ಏಳನೇ ನಿಯಮವನ್ನೇ ಎತ್ತಿ ಹೊಗಳಿದರು. ಹೂಗುಚ್ಛ ಹಿಡಿದು ಹಲ್ಲು ಕಿರಿದು ಫೋಟೋಕ್ಕೆ ನಿಂತಿದ್ದೇನೆ. ಅದನ್ನು ಗೋಡೆಯಿಂದ ಇಳಿಸಿದ್ದು ಮೊನ್ನೆ.

ಈ ಮಳೆಗಾಲದಲ್ಲಿ ಸೇತುವೆ ಮುಳುಗಿ ಎರಡು ದಿನ ರಸ್ತೆ ಬಂದಾಯಿತಲ್ಲ, ಆಗ ಕಸದ ಲಾರಿಯೂ ಬರಲಿಲ್ಲ, ರೋಗಿಗಳ ಮನೆಯವರು ಹೊರಗೆ ಹೋಗಿ ತಿನ್ನುವುದಕ್ಕೂ ದಾರಿಯಿರಲಿಲ್ಲ. ಪುಟ್ಟಿ ಹಿಂದಿನ ಕಿಟಕಿ ತೆರೆದಳು. ಹನ್ನೊಂದು ಜನ ಉಂಡರು. ಮೂರನೇ ದಿನ ತಪಾಸಣೆಯವರು ಬಂದು ಫಿನಾಯಿಲ್ ಡಬ್ಬಿ ಹಾಗೇ ತುಂಬಿರುವುದನ್ನು ಕಂಡರು. “ಅಮ್ಮ, ಇದು ವಿಲೇವಾರಿ ಅಲ್ಲ, ವಿತರಣೆ” ಎಂದರಂತೆ. “ಪಾತ್ರೆ ಖಾಲಿ ಆಗಿದೆಯಲ್ಲ ಸಾರ್, ಇನ್ನೇನು ಬೇಕು?” ಎಂದು ಇವಳು ಕೇಳಿದಳಂತೆ. ಆ ಉತ್ತರಕ್ಕೇ ನೋಟೀಸು ಬಂತು.

ನೋಟೀಸು ಹಿಡಿದು ನೇರ ನನ್ನ ಮನೆಗೆ ಬಂದಳು. ಉತ್ತರ ಬರೆಯಲು ನನಗಿಂತ ಬಲ್ಲವರು ಯಾರು? ಬರೆದೆ. ‘ನಿಯಮದ ಅರ್ಥವನ್ನು ಗ್ರಹಿಸುವಲ್ಲಿ ನನ್ನಿಂದ ಅಚಾತುರ್ಯವಾಗಿದ್ದು, ದಯಮಾಡಿ ಮನ್ನಿಸಬೇಕೆಂದು ಕೋರುತ್ತೇನೆ.’ ಅವಳು ಬೆರಳಿಟ್ಟು ನಿಧಾನವಾಗಿ ಓದಿದಳು.

“ಅಚಾತುರ್ಯ ಅಂದ್ರೆ?”

“ಗೊತ್ತಿಲ್ದೆ ಆದ ತಪ್ಪು.”

“ನಂಗೆ ಗೊತ್ತಿತ್ತಲ್ಲಣ್ಣ. ಗೊತ್ತಿದ್ದೇ ಕೊಟ್ಟೆ.”

“ಹಾಗೆಲ್ಲ ಬರೆಯೋಕಾಗಲ್ಲ ಪುಟ್ಟಿ. ಸಹಿ ಹಾಕು.”

ಹಾಕಿದಳು. ಅಣ್ಣ ಬರೆದದ್ದಲ್ಲವೇ? ನಿಮ್ಮ ಅಮಾನತು ಆದೇಶ ಶುರುವಾಗುವುದೇ ಅಲ್ಲಿಂದ: ‘ಸದರಿಯವರು ತಮ್ಮ ತಪ್ಪನ್ನು ಸ್ವತಃ ಒಪ್ಪಿಕೊಂಡಿರುವುದರಿಂದ’. ಕೆಳಗೆ ನನ್ನ ವಾಕ್ಯ, ಒಂದು ಕಾಗುಣಿತವೂ ತಪ್ಪದೆ. ಹೀಗೆ ಎರಡು ಸಲ ನನ್ನ ಮಾತು ಹಿಡಿದು ನೀವು ಅವಳನ್ನು ಕಟ್ಟಿಹಾಕಿದ್ದೀರಿ. ಎರಡು ಸಲವೂ ಹಗ್ಗ ಹೊಸೆದುಕೊಟ್ಟವನು ನಾನು. ನಾಚಿಕೆ ಎನ್ನುವ ಪದವನ್ನು ಎಷ್ಟೋ ಭಾಷಣಗಳಿಂದ ನಾನೇ ಹೊಡೆದುಹಾಕಿದ್ದೆ, ಅನಗತ್ಯ ಎಂದು. ಈಗ ಅದರ ಬದಲಿಗೆ ಬರೆಯಲು ಬೇರೆ ಪದ ಸಿಗುತ್ತಿಲ್ಲ.

ಈ ಪತ್ರ ಪತ್ರಿಕೆಯಲ್ಲಿ ಬಂದ ಮೇಲಷ್ಟೇ ಅವಳಿಗೆ ತಿಳಿಯುವುದು ಸರಿಯಲ್ಲ ಎನಿಸಿ ನಿನ್ನೆ ಮಧ್ಯಾಹ್ನ ಅವಳ ಮನೆಗೆ ಹೋಗಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಇಲ್ಲಿಯವರೆಗಿನದನ್ನು ಓದಿ ಹೇಳಿದೆ. ಅವಳು ಬೀನ್ಸ್ ಹೆಚ್ಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಮುಗಿದ ಮೇಲೆ, “ಆ ಸಮಿತಿಯವರ ಮೂರು ಸಾಲು ಇನ್ನೊಂದ್ಸಲ ಓದು” ಎಂದಳು. ಓದಿದೆ. “ನಾನು ಮಾಡ್ತಿದ್ದಿದ್ದು ಇದೇ ಅಲ್ವಾ?” ಎಂದಳು. ಹೌದು ಎಂದೆ. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಒಲೆಯ ಮೇಲೆ ಅನ್ನ ಆಗಿತ್ತು. ಬಾಗಿಲವರೆಗೆ ಬಂದಳು, ನಾನು ಚಪ್ಪಲಿ ಹಾಕಿಕೊಳ್ಳುವ ತನಕ ನಿಂತಳು. ಊಟ ಮಾಡಿಕೊಂಡು ಹೋಗು ಎನ್ನಲಿಲ್ಲ. ಐವತ್ತೆರಡು ವರ್ಷದಲ್ಲಿ ಅವಳು ಯಾರನ್ನೂ, ಮೀಟರ್ ನೋಡಲು ಬಂದವರನ್ನೂ, ಹಾಗೆ ಕಳಿಸಿದ್ದು ನನಗೆ ಗೊತ್ತಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟು. ಕಡತದ ಹನ್ನೆರಡನೇ ಹಾಳೆ ತೆರೆಯಿರಿ, ಏಳನೇ ನಿಯಮದಲ್ಲಿ ನನ್ನ ಪದ ಹೊಡೆದುಹಾಕಿ ಆ ಮೂರು ಸಾಲನ್ನು ಇದ್ದ ಹಾಗೇ ಇಡಿ. ಉದ್ದವಾಯಿತೆಂದು ಯಾರಾದರೂ ಗೊಣಗಿದರೆ ನನ್ನ ಬಳಿಗೆ ಕಳಿಸಿ. ನೀಲಿ ಡ್ರಮ್ಮುಗಳನ್ನು ಗೇಟಿನೊಳಗೆ ಬಿಡಿ. ಅಮಾನತು ಹಿಂಪಡೆಯಿರಿ, ಅವಳು ಕ್ಷಮೆ ಕೇಳಿದಳೆಂದಲ್ಲ, ಕೇಳಬೇಕಾದ್ದೇನೂ ಇರಲಿಲ್ಲವೆಂದು. ಸೋಮವಾರದ ವಿಚಾರಣೆಗೆ ಯಾರನ್ನಾದರೂ ಕೂರಿಸಲೇಬೇಕಿದ್ದರೆ ನಾನು ಹತ್ತು ಗಂಟೆಗೆ ನಿಮ್ಮ ಬಾಗಿಲಲ್ಲಿರುತ್ತೇನೆ. ಹೇಳಿಕೆ ಈಗಲೇ ಸಿದ್ಧವಿದೆ, ನನ್ನ ಹಳೆಯ ವಾಕ್ಯವನ್ನೇ ತುಸು ತಿದ್ದಿದ್ದೇನೆ: ‘ನಿಯಮದ ಅರ್ಥವನ್ನು ತಿಳಿಸುವಲ್ಲಿ ನನ್ನಿಂದ ತಪ್ಪಾಗಿದೆ. ಅಚಾತುರ್ಯದಿಂದಲ್ಲ. ಗೊತ್ತಿದ್ದೇ ಸುಮ್ಮನಿದ್ದೆ.’

ಇಂತಿ,
ತಂಗಿಯ ಮನೆಯಿಂದ ಉಣ್ಣದೆ ವಾಪಸಾದ,
ನಿಮ್ಮ ಕಚೇರಿಯ ಹಳೆಯ ‘ಕತ್ತರಿ’